ಹತ್ತಕ್ಕೆ ಮೂರು

ನೋಡಿ ಬರೆಯಬೇಡ, ಕಾಪಿ ಹೊಡೆಯಬೇಡ, ಕಂಡಲ್ಲಿ ಗೀಚಬೇಡ, ಕೈ ಮಸಿ ಮಾಡಿಕೊಳ್ಳಬೇಡ. ಪ್ರಾಥಮಿಕ ಶಾಲೆಯ ಸಂವಿಧಾನ ಹೆಚ್ಚುಕಡಿಮೆ ಇಷ್ಟೇ. ಡ್ರಾಯಿಂಗ್ ಮೇಷ್ಟ್ರಾದ ನಾನು ಮೂರನೇ ಕ್ಲಾಸಿನಲ್ಲಿ ಅಚ್ಚುಚಿತ್ರ ಹೇಳಿಕೊಡಲು ನಿಂತೆನೆಂದರೆ ಈ ನಾಲ್ಕು ಕಲಮುಗಳೂ ಒಂದೇ ಪೀರಿಯಡ್ಡಿನಲ್ಲಿ ರದ್ದು. ಮಕ್ಕಳಿಗೆ ನಾನು ಬೇಕಾದವನಾಗಿರುವುದಕ್ಕೂ ಸ್ಟಾಫ್ ರೂಮಿಗೆ ಬೇಡವಾಗಿರುವುದಕ್ಕೂ ಕಾರಣ ಒಂದೇ.

ಮೊದಲ ಪಾಠ ಬೆಂಡೆಕಾಯಿ. ಅಡ್ಡಕ್ಕೆ ಕೊಯ್ದು, ಬಣ್ಣ ಕುಡಿದ ಸ್ಪಂಜಿಗೆ ಒತ್ತಿ ಕಾಗದದ ಮೇಲಿಟ್ಟರೆ ಐದು ಮೂಲೆಯ ಹೂವು, ಬೀಜದ ಗುರುತು ಸಮೇತ. ಬೆಂಡೆಕಾಯಿ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತದೆಂದು ಮನೆಯಲ್ಲಿ ಎಷ್ಟು ಪುಸಲಾಯಿಸಿದರೂ ತಟ್ಟೆಯಂಚಿಗೆ ತಳ್ಳುವ ಮಕ್ಕಳು ಇಲ್ಲಿ ಒಂದೊಂದು ತುಂಡಿಗೂ ಕಿತ್ತಾಡುತ್ತಾರೆ. ಆಲೂಗಡ್ಡೆ ಅಷ್ಟು ಸಲೀಸಲ್ಲ. ಕೊಯ್ದ ಮೈ ನೀರು ಬಿಡುತ್ತಲೇ ಇರುತ್ತದೆ. ಒರೆಸದೆ ಬಣ್ಣ ಹಚ್ಚಿದರೆ ಕೆತ್ತಿದ ನಕ್ಷತ್ರ ಮೋಡವಾಗಿ ಬೀಳುತ್ತದೆ. ಚಾಕು ಕೊಡುವಂತಿಲ್ಲ, ಪೆನ್ನಿನ ಮುಚ್ಚಳದಲ್ಲೇ ಕೆತ್ತನೆ. ಒರೆಸಲು ಬಟ್ಟೆ ಬೇಕೆಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಪಕ್ಕದವನ ಅಂಗಿ.

ಆಮೇಲೆ ಥರ್ಮಾಕೋಲ್ ತಟ್ಟೆ. ಬಾಲ್‌ಪೆನ್ನಿನಲ್ಲಿ ಒತ್ತಿ ಗೀಚಿದ ಕಡೆ ತಗ್ಗು ಬೀಳುತ್ತದೆ, ಬಣ್ಣ ಸವರಿ ಅಚ್ಚೊತ್ತಿದರೆ ಆ ಗೆರೆಯಷ್ಟೇ ಬೆಳ್ಳಗೆ ಉಳಿಯುತ್ತದೆ. ಎಲ್ಲರೂ ಮೊದಲು ಬರೆಯುವುದು ತಮ್ಮ ಹೆಸರನ್ನೇ. ಎಲ್ಲರ ಹೆಸರೂ ಉಲ್ಟಾ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲೇ ಬಂದದ್ದು, ಕಲ್ಲಿನ ಮೇಲೆ ಅಕ್ಷರ ಉಲ್ಟಾ ಇದ್ದರೇ ಕಾಗದದ ಮೇಲೆ ನೆಟ್ಟಗಾಗುವುದು ಎಂದು ನಾನು ವಿವರಿಸಿದೆ.

“ನಮ್ ತಮ್ಮ ಸ್ಲೇಟಲ್ಲಿ ಯಾವಾಗ್ಲೂ ಹಂಗೇ ಬರೀತಾನೆ ಸಾರ್. ಮಿಸ್ ಯಾಕೆ ಬೈತಾರೆ?”

ಮಾತು ಬದಲಿಸುವುದು ಕ್ಷೇಮವೆನಿಸಿ ಡ್ಯೂರರ್‌ನ ಘೇಂಡಾಮೃಗದ ಚಿತ್ರ ತೋರಿಸಿದೆ. 1515ರಲ್ಲಿ ನಮ್ಮ ದೇಶದಿಂದ ಹಡಗು ಹತ್ತಿ ಲಿಸ್ಬನ್ನಿಗೆ ಹೋದ ಪ್ರಾಣಿ ಅದು. ಜರ್ಮನಿಯಲ್ಲಿದ್ದ ಡ್ಯೂರರ್ ಅದನ್ನು ಕಣ್ಣಾರೆ ಕಂಡವನಲ್ಲ. ಬೇರೆಯವರ ಚಿತ್ರ, ವಿವರಣೆ ನಂಬಿ ಮರದಚ್ಚಿಗೆ ಇಳಿಸಿದ. ಹೆಗಲ ಮೇಲೆ ಇಲ್ಲದ ಒಂದು ಪುಟ್ಟ ಕೊಂಬೂ ಮೂಡಿತು. ಆದರೂ ಯೂರೋಪು ಬಹಳ ಕಾಲ ಘೇಂಡಾಮೃಗವೆಂದರೆ ಹೀಗೇ ಎಂದು ನಂಬಿತ್ತು. ಮುಂದಿನ ಬೆಂಚು ತಕ್ಷಣ ತೀರ್ಪು ಕೊಟ್ಟಿತು: “ಕಾಪಿ ಹೊಡೆದಿದ್ದಾನೆ ಸಾರ್. ಅದೂ ತಪ್ಪುತಪ್ಪಾಗಿ.”

ಕೊನೆಗೆ ಉಳಿದದ್ದು ಸಂಖ್ಯೆ ಹಾಕುವ ಶಾಸ್ತ್ರ. ಕಲಾವಿದರು ಒಂದೇ ಅಚ್ಚಿನಿಂದ ಹತ್ತು ಪ್ರತಿ ತೆಗೆದರೆ ಮೂರನೆಯದರ ಕೆಳಗೆ ಪೆನ್ಸಿಲಿನಲ್ಲಿ 3/10 ಎಂದು ಬರೆಯುತ್ತಾರೆ. ಮಾದರಿಗೆಂದು ಒಬ್ಬ ಹುಡುಗನ ಬೆಂಡೆಹೂವಿನ ಕೆಳಗೆ ಬರೆದೆ. ಅವನ ಮುಖ ಅಳುವಂತಾಯಿತು.

“ಹತ್ತಕ್ಕೆ ಮೂರೇನಾ ಸಾರ್?”

ಅದು ಮಾರ್ಕಲ್ಲ ಕಣೋ ಎಂದು ನಾನು ಬಿಡಿಸಿ ಹೇಳಿದ್ದನ್ನು ಎಲ್ಲರೂ ಗಂಭೀರವಾಗಿ ಕೇಳಿಸಿಕೊಂಡರು. ಗಂಟೆ ಹೊಡೆದ ಮೇಲೆ ನೋಡಿದರೆ ದಾರಕ್ಕೆ ನೇತುಹಾಕಿದ್ದ ಪ್ರತಿಗಳೆಲ್ಲದರ ಕೆಳಗೂ 10/10. ಒಬ್ಬಳದರಲ್ಲಿ ಮಾತ್ರ 11/10 ಇತ್ತು. ಯಾಕಮ್ಮಾ ಇದು ಎಂದೆ.

“ದುಂಡಗೆ ಬರೆದಿದೀನಲ್ಲ ಸಾರ್, ಅದಕ್ಕೊಂದು.”