ಷಾಣ್ಮಾಸಿಕ ಮೂಲಗ್ರಂಥಕ್ಕೆ ಭಾಷ್ಯ ಬರೆಯುವವರ ಗತಿವಿಚಾರ

ಭಾಷ್ಯಕಾರನಾದವನಿಗೆ ಮೂಲಗ್ರಂಥದ ಕರ್ತೃವು ತೀರಿಕೊಂಡಿರುವುದಕ್ಕಿಂತ ಮಿಗಿಲಾದ ಅನುಕೂಲ ಮತ್ತೊಂದಿಲ್ಲವೆಂಬುದು ಶಾಸ್ತ್ರಪರಂಪರೆಯನ್ನು ಬಲ್ಲವರಿಗೆ ವೇದ್ಯವಾದ ಸಂಗತಿ. ಮಲ್ಲಿನಾಥನು ರಘುವಂಶಕ್ಕೆ ವ್ಯಾಖ್ಯಾನ ಬರೆಯುತ್ತಿರಲು ಕಾಳಿದಾಸನು ಬಾಗಿಲಲ್ಲಿ ನಿಂತು, ‘ದಿಲೀಪನನ್ನು ಎರಡನೆಯ ಸರ್ಗದಿಂದ ತೆಗೆದು ಬಲಬದಿಯ ಪಟ್ಟಿಯಲ್ಲಿರಿಸಿದ್ದೇನೆ’ ಎಂದು ಹೇಳಿಹೋಗುವ ಭಯವಿರಲಿಲ್ಲ. ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶಕ್ಕೆ ವೇತನಾಪೇಕ್ಷೆಯಿಲ್ಲದೆ ಕೈಪಿಡಿ ಬರೆಯುವ ಸ್ವಯಂಸೇವಕರಿಗಾದರೋ ಈ ನೆಮ್ಮದಿ ಲಭ್ಯವಿಲ್ಲ. ಅವರ ಮೂಲಕರ್ತೃಗಳು ಜೀವಂತರಾಗಿರುವುದು ಮಾತ್ರವಲ್ಲದೆ, ಫೆಬ್ರವರಿಗೊಂದು ಆಗಸ್ಟಿಗೊಂದು ಆವೃತ್ತಿಯನ್ನು ಹೊರತರುವಷ್ಟು ಆರೋಗ್ಯವಂತರೂ ಆಗಿರುವರು.

ಗ್ರಂಥದ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಜರ್ಮನಿಯಲ್ಲಿ ಜನಿಸಿದ ಸ್ಟಾರ್‌ಆಫೀಸನ್ನು 1999ರಲ್ಲಿ ಸನ್ ಸಂಸ್ಥೆಯು ಕೊಂಡು, ಮರುವರ್ಷ ಅದರ ಆಕರವನ್ನು ಓಪನ್‌ಆಫೀಸ್ ಎಂಬ ಹೆಸರಿನಿಂದ ಲೋಕಕ್ಕೆ ಬಿಟ್ಟುಕೊಟ್ಟಿತು. 2010ರಲ್ಲಿ ಶಾಖಾಭೇದವುಂಟಾಗಿ ಲಿಬ್ರೆಆಫೀಸು ಹುಟ್ಟಿತು. ಶಾಖೆಯೊಡೆದಾಗ ಭಾಷ್ಯಕಾರರೂ ಒಡೆಯುವರೆಂಬುದನ್ನು ವೇದಾಧ್ಯಾಯಿಗಳಿಗೆ ವಿವರಿಸಬೇಕಾದುದಿಲ್ಲ.

ಶಾಸ್ತ್ರಗ್ರಂಥವು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ನಿರೂಪಿಸತಕ್ಕದ್ದು. ಮೊದಲಿನ ಮೂರರಲ್ಲಿ ವಿವಾದವಿಲ್ಲ. ಅಧಿಕಾರಿಯಾರು? ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿ, ಪಕ್ಕದ ಮೇಜಿನವನನ್ನೂ ಕೇಳಿ, ಉಭಯತ್ರ ನಿರಾಶನಾಗಿ ವೈರಾಗ್ಯ ತಾಳಿದವನೇ. ಅದಕ್ಕೂ ಪೂರ್ವದಲ್ಲಿ ಕೈಪಿಡಿಯನ್ನು ತೆರೆದವನೊಬ್ಬನು ಈ ಲೇಖಕನ ದೃಷ್ಟಿಗೆ ಬಿದ್ದಿಲ್ಲ.

ಇನ್ನು ಪಾಠಾಂತರಗಳ ವಿಚಾರ. ವಿಂಡೋಸ್ ಮತ್ತು ಲಿನಕ್ಸ್ ದೇಶಗಳಲ್ಲಿ ‘ಟೂಲ್ಸ್’ ಮೆನುವಿನಡಿ ‘ಆಪ್ಷನ್ಸ್’ ಎನಿಸಿಕೊಂಡು ವಾಸಿಸುವ ಪದಾರ್ಥವು ಮ್ಯಾಕ್ ದೇಶದಲ್ಲಿ ಮನೆಯನ್ನೂ ಹೆಸರನ್ನೂ ಬದಲಿಸಿ ‘ಪ್ರಿಫರೆನ್ಸಸ್’ ಆಗಿರುವುದರಿಂದ, ಆ ದೇಶದವರ ಉಪಯೋಗಕ್ಕೆಂದು ಕೈಪಿಡಿಯ ಆದಿಯಲ್ಲಿಯೇ ಒಂದು ಕೋಷ್ಟಕವನ್ನಿಟ್ಟು ಶಾಂತಿಮಾಡಬೇಕಾಗಿದೆ. ಆದರೆ ನಿಜವಾದ ಸಂಕಟವು ಸ್ಕ್ರೀನ್‌ಶಾಟಿನದು. ವಾಕ್ಯವೊಂದು ಹಳೆಯದಾದರೆ ಓದುಗನು ಹೇಗೋ ಅರ್ಥವನ್ನು ಹೊಂದಿಸಿಕೊಂಡಾನು. ಚಿತ್ರದಲ್ಲಿ ಕಾಣುವ ಗುಂಡಿಯು ತನ್ನ ಪರದೆಯಲ್ಲಿಲ್ಲವಾದರೆ ಯಂತ್ರವೇ ಕೆಟ್ಟಿತೆಂದು ನಿಶ್ಚಯಿಸುವನು. ತಂತ್ರಜ್ಞನೊಬ್ಬನು ಅರ್ಧ ಗಂಟೆಯಲ್ಲಿ ಒಂದು ಐಕಾನನ್ನು ತಿದ್ದಿದ ಪುಣ್ಯಕ್ಕೆ, ಅದು ಕಾಣಿಸಿಕೊಂಡಿರುವ ಚಿತ್ರಗಳನ್ನೆಲ್ಲ ಸ್ವಯಂಸೇವಕನು ಭಾನುವಾರಗಳಲ್ಲಿ ಕುಳಿತು ಮತ್ತೆ ತೆಗೆಯತಕ್ಕದ್ದು. ಸಾಲದೆಂಬಂತೆ 2017ರಲ್ಲಿ 5.3ನೆಯ ಆವೃತ್ತಿಯು ಮೆನುಗಳಿಗೆ ಪರ್ಯಾಯವಾದ ನೋಟ್‌ಬುಕ್‌ಬಾರನ್ನು ಪ್ರಯೋಗರೂಪವಾಗಿ ತಂದಿತು; ಅಂದಿನಿಂದ ಯಾವ ರೂಪವನ್ನು ಚಿತ್ರಿಸಬೇಕೆಂಬುದೇ ಒಂದು ದರ್ಶನಭೇದ.

ನಿರ್ಮಿಸಿದವರೇ ವಿವರಿಸಲಿ ಎಂಬುದು ಪೂರ್ವಪಕ್ಷ. ಅದು ಸಲ್ಲದು. ನಿರ್ಮಿಸಿದವನಿಗೆ ಸಕಲವೂ ಸ್ವಯಂಪ್ರಕಾಶ. ಸ್ವಯಂಪ್ರಕಾಶವಾದುದಕ್ಕೆ ದೀಪ ಹಿಡಿಯುವ ಬುದ್ಧಿ ಅವನಲ್ಲೇಕೆ ಹುಟ್ಟೀತು? ಆದಕಾರಣ ಈ ಭಾರವು ಗುರುಪರಂಪರೆಯ ಮೇಲೆಯೇ ಬಿದ್ದಿದೆ. ಕೈಪಿಡಿಯ ಆರಂಭದಲ್ಲಿ ಪ್ರಕೃತ ಆವೃತ್ತಿಗೆ ದುಡಿದವರ ಹೆಸರುಗಳೂ, ಅವುಗಳ ಕೆಳಗೆ ಪೂರ್ವಾವೃತ್ತಿಗಳವರ ಹೆಸರುಗಳೂ ಮುದ್ರಿತವಾಗಿರುತ್ತವೆ. ಎರಡನೆಯ ಪಟ್ಟಿಯು ಸಾಮಾನ್ಯವಾಗಿ ಉದ್ದವಾಗಿರುವುದಕ್ಕೆ ಕಾರಣವನ್ನು ಪರೀಕ್ಷೆ, ವಿವಾಹ, ಉದ್ಯೋಗಾದಿ ಪ್ರಕರಣಗಳಲ್ಲಿ ಹುಡುಕಬೇಕು.

2023ರ ಆಗಸ್ಟಿನಲ್ಲಿ 7.6 ಎಂದಿದ್ದ ಮೂಲವು 2024ರ ಆದಿಯಲ್ಲಿ 24.2 ಎಂದು ಕರೆಯಿಸಿಕೊಂಡಿತು. ಇದು ವರ್ಷ ಮಾಸಗಳ ಸೂಚನೆಯೆಂದು ಸಮಕಾಲೀನರಾದ ನಾವು ಬಲ್ಲೆವು. ಮುಂದಣ ಶತಮಾನದ ಗ್ರಂಥಸಂಪಾದಕನಾದರೋ, ಎಂಟರಿಂದ ಇಪ್ಪತ್ತಮೂರರವರೆಗಿನ ಆವೃತ್ತಿಗಳೆಲ್ಲವೂ ಯಾವುದೋ ಉತ್ಪಾತದಲ್ಲಿ ಲುಪ್ತವಾದುವೆಂದು ಊಹಿಸಿ, ಅವುಗಳ ಶೋಧನೆಗೆ ಧನಸಹಾಯ ಬೇಡಿ ಅರ್ಜಿ ಬರೆಯುವನು; ಲಿಬ್ರೆಆಫೀಸಿನ ಬರಹಸಾಧನವಾದ ರೈಟರಿನಲ್ಲಿಯೇ ಬರೆಯುವನು, ಎರಡನೆಯ ಹಾಳೆಯಿಂದ ಪುಟಸಂಖ್ಯೆಯನ್ನು ಆರಂಭಿಸುವ ಬಗೆ ತಿಳಿಯದೆ.