ಹಳೇ ವರ್ಷನ್‌ಗೆ ಎಷ್ಟು ಹೊತ್ತಿನ ತನಕ ವಾಪಸ್ ಹೋಗಬಹುದು?

"ಎಡವಟ್ಟಾದ್ರೆ ಹಳೇದನ್ನೇ ವಾಪಸ್ ಹಾಕ್ಕೊಂಡ್ರೆ ಆಯ್ತಲ್ಲಮ್ಮ, ಅದಕ್ಕೆ ರಾತ್ರಿಯೆಲ್ಲಾ ಕೂತ್ಕೋಬೇಕಾ?" ಅಂತ ಕಾಂಪೌಂಡ್ ಆಚೆಯಿಂದ ಪಕ್ಕದ ಮನೆ ಅಂಕಲ್ ಕೇಳಿದರು.

ನನ್ನ ಹಾಗೆ ಡೇಟಾಬೇಸ್ ನೋಡಿಕೊಳ್ಳುವವರಿಗೆ, ಅಪ್‌ಗ್ರೇಡ್ ಅಂದ ಕೂಡಲೇ ಈ ಪ್ರಶ್ನೆ ಆಫೀಸಿನ ಮೀಟಿಂಗಿನಲ್ಲೂ ತಪ್ಪಿದ್ದಲ್ಲ. ಆದರೆ ಅಂಕಲ್ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ದಾಖಲೆ ಅಂದರೆ ಏನು, ಅದು ಕೆಟ್ಟರೆ ಯಾರ ಮನೆ ಕೆಡುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭಾನುವಾರ ಬೆಳಗ್ಗೆ ಚಂದ್ರಾ ಲೇಔಟ್‌ನ ಎಂಬತ್ತಡಿ ರಸ್ತೆಯಲ್ಲೂ ಗಲಾಟೆ ಕಡಿಮೆ. ನಿಧಾನವಾಗಿ ಬಿಡಿಸಿ ಹೇಳೋಣ ಅನ್ನಿಸಿತು.

"ಅಪ್‌ಗ್ರೇಡ್‌ನಲ್ಲಿ ಎರಡು ಥರ ಇದೆ ಅಂಕಲ್. ಪೋಸ್ಟ್‌ಗ್ರೆಸ್ ಡೇಟಾಬೇಸ್ 17.4ರಿಂದ 17.5ಕ್ಕೆ ಹೋಗೋದು ಸಣ್ಣದು. ಪ್ರೋಗ್ರಾಂ ಬದಲಾಗುತ್ತೆ, ಡಿಸ್ಕ್ ಮೇಲಿರೋ ಫೈಲುಗಳ ರಚನೆ ಹಾಗೇ ಇರುತ್ತೆ. ನಾವು ನಿನ್ನೆ ಮಾಡಿದ್ದು 13ರಿಂದ 17ಕ್ಕೆ. ಒಳಗಿನ ಕಟ್ಟೋಣವೇ ಬೇರೆ."

"13ರಲ್ಲೇ ಇದ್ದುಬಿಟ್ರೆ?"

"ಒಂದೊಂದು ದೊಡ್ಡ ವರ್ಷನ್‌ಗೂ ಐದು ವರ್ಷದ ಆಯಸ್ಸು. 13ರದು 2025ರ ನವೆಂಬರ್‌ಗೆ ಮುಗೀತು. ಆಮೇಲೆ ಭದ್ರತೆಯ ತೂತು ಸಿಕ್ಕಿದರೂ ಮುಚ್ಚೋಕೆ ಪ್ಯಾಚ್ ಬರಲ್ಲ."

ಮೇಲಕ್ಕೆ ಹೋಗೋಕೆ ಪಿಜಿ ಅಪ್‌ಗ್ರೇಡ್ ಅನ್ನೋ ಉಪಕರಣ ಇದೆ. ಕೆಳಕ್ಕೆ ಇಳಿಸೋಕೆ ಅಂಥದ್ದೇನೂ ಇಲ್ಲ. ಅಪ್‌ಗ್ರೇಡನ್ನು ಕಾಪಿ ಮಾಡಿಕೊಂಡು ಮಾಡಬಹುದು. ಆಗ ಹಳೇ ಡೈರೆಕ್ಟರಿ ಹಾಗೇ ಉಳಿಯುತ್ತೆ, ಆದರೆ ದೊಡ್ಡ ಡೇಟಾಬೇಸ್ ಆದರೆ ಗಂಟೆಗಟ್ಟಲೆ ಹಿಡಿಯುತ್ತೆ, ಡಿಸ್ಕೂ ಇಮ್ಮಡಿ ಬೇಕು. ಲಿಂಕ್ ವಿಧಾನದಲ್ಲಾದರೆ ಹಳೇದಕ್ಕೂ ಹೊಸದಕ್ಕೂ ಅದೇ ಫೈಲುಗಳು, ನಿಮಿಷಗಳಲ್ಲಿ ಕೆಲಸ ಮುಗಿಯುತ್ತೆ. ಆದರೆ ಹೊಸ ಸರ್ವರನ್ನು ಒಂದು ಸಲ ಶುರು ಮಾಡಿದರೆ ಅದು ಆ ಫೈಲುಗಳ ಮೇಲೆ ಬರೆದುಬಿಡುತ್ತೆ. ಹಳೇದನ್ನು ಮತ್ತೆ ಎಬ್ಬಿಸೋ ಹಾಗಿಲ್ಲ, ಬ್ಯಾಕಪ್ಪೇ ಗತಿ. ಯಾರಾದರೂ ಮರೆತು ಶುರು ಮಾಡಿಯಾರು ಅಂತ ಆ ಉಪಕರಣವೇ ಹಳೇ ಕಡೆಯ ಕಂಟ್ರೋಲ್ ಫೈಲಿನ ಹೆಸರಿಗೆ 'ಓಲ್ಡ್' ಅಂತ ಬಾಲ ಸೇರಿಸಿಟ್ಟಿರುತ್ತೆ. ಇದನ್ನು ಬರೆದವರ ಮುಂದಾಲೋಚನೆ ಕಂಡರೆ ನನಗೆ ನಿಜವಾಗಿಯೂ ಗೌರವ.

"ಸರಿ, ಕಾಪಿ ಇಟ್ಕೊಂಡೇ ಮಾಡಿದ್ರಿ ಅಂತಿಟ್ಕೋ. ಹಳೇದು ಭದ್ರವಾಗಿದೆಯಲ್ಲ, ಮತ್ತೇನು ಭಯ?"

"ಬೆಳಗಿನ ಜಾವ ನಾಲ್ಕಕ್ಕೆ ಹೊಸದನ್ನ ತೆರೆದ್ವಿ ಅನ್ನಿ. ಜನ ದುಡ್ಡು ಕಟ್ತಾರೆ, ವಿಳಾಸ ಬದಲಾಯಿಸ್ತಾರೆ. ಒಂಬತ್ತಕ್ಕೆ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತೆ. ಹಳೇದಕ್ಕೆ ಹೋದ್ರೆ ಆ ಐದು ಗಂಟೆಯ ಲೆಕ್ಕ ಎಲ್ಲಿ?"

ಅಂಕಲ್ ಕನ್ನಡಕ ತೆಗೆದರು. "ಅಲ್ಲಮ್ಮ, ಇದು ನಮ್ಮ ಭೂಮಿಯ ಕಥೆನೇ!"

ಅಲ್ಲಿಂದ ಮಾತು ಅವರದಾಯಿತು. ಪಹಣಿಗಳನ್ನು ಕಂಪ್ಯೂಟರಿಗೆ ಹಾಕೋ 'ಭೂಮಿ' ಯೋಜನೆ ಮದ್ದೂರು ತಾಲ್ಲೂಕಿನಲ್ಲಿ 1999ರಲ್ಲಿ ಶುರುವಾಗಿ, 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಿಗೂ ಬಂತು. ಸುಮಾರು ಎರಡು ಕೋಟಿ ಪಹಣಿ. ಅಲ್ಲಿಯ ತನಕ ಅವೆಲ್ಲ ಒಂಬತ್ತು ಸಾವಿರದಷ್ಟು ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಇದ್ದವು. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು, ಮೂಲ ಪುಸ್ತಕದ ಜೊತೆ ಸಾಲು ಸಾಲು ತಾಳೆ ನೋಡಿಸಿದ್ದರು. ಒಂದು ತಾಲ್ಲೂಕಿಗೆ ಭೂಮಿ ಬಂದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಅಂತ ಸರ್ಕಾರವೇ ಆದೇಶ ಹೊರಡಿಸಿತು.

"ಜನ ಬೈದ್ರು, ನಮ್ಮೋರೂ ಗೊಣಗಿದ್ರು. ಆದ್ರೆ ಕಂಪ್ಯೂಟರ್‌ನಲ್ಲಿ ಒಂದು ಮ್ಯುಟೇಷನ್ ಆಗಿ, ಪುಸ್ತಕದಲ್ಲಿ ಹಳೇ ಹೆಸರೇ ಉಳಿದ್ರೆ ಏನಾಗುತ್ತೆ ಹೇಳು. ಒಂದೇ ಜಮೀನಿಗೆ ಇಬ್ಬರು ಯಜಮಾನ್ರು. ಮುಂದೆ ಮಕ್ಕಳು ಮೊಮ್ಮಕ್ಕಳು ಕೋರ್ಟು ಅಲೀಬೇಕು."

ನಾನು ರಾತ್ರಿಯಿಡೀ ಕಾದು ಕೂತಿದ್ದು ಇದಕ್ಕೇ. ಹೊಸದರಲ್ಲಿ ಮೊದಲ ಬರಹ ಬಿದ್ದ ಕ್ಷಣದಿಂದ ಹಳೇದು ಸುಳ್ಳಾಗುತ್ತಾ ಹೋಗುತ್ತೆ. ಆದ್ದರಿಂದ ಸರ್ಕಾರದ ಹಾಗೆ 'ಇನ್ನು ವಾಪಸ್ ಇಲ್ಲ' ಅಂತ ಗೆರೆ ಎಳೆಯಬೇಕು, ಇಲ್ಲವೇ ಹೊಸದರಲ್ಲಿ ಬಿದ್ದ ಪ್ರತಿಯೊಂದು ಸಾಲನ್ನೂ ಹಳೇದಕ್ಕೂ ಮುಟ್ಟಿಸುತ್ತಿರಬೇಕು. ಎರಡನೆಯದು ದುಬಾರಿ, ಆದರೂ ಮಾಡಲೇಬೇಕು ಅನ್ನೋದು ನನ್ನ ಹಟ. ಪೋಸ್ಟ್‌ಗ್ರೆಸ್ 10ರಿಂದ ಅದಕ್ಕೆ ಬೇಕಾದ ಲಾಜಿಕಲ್ ರೆಪ್ಲಿಕೇಷನ್ ಒಳಗೇ ಇದೆ, ಬೇರೆ ಬೇರೆ ವರ್ಷನ್‌ಗಳ ನಡುವೆಯೂ ಓಡುತ್ತೆ. ಹೊಸದಕ್ಕೆ ದಾಟಿದ ಮೇಲೆ ಅದನ್ನು ತಿರುವಿ ಹಳೇ ಕಡೆಗೆ ಹರಿಸಬೇಕು. ಅದರಲ್ಲಿ ಸೀಕ್ವೆನ್ಸ್‌ಗಳ ಎಣಿಕೆ ಬರಲ್ಲ. ವಾಪಸ್ ಹೋಗುವಾಗ ರಸೀದಿ ನಂಬರು ಮತ್ತೆ ಹಿಂದಿನಿಂದ ಶುರುವಾಗದ ಹಾಗೆ ಕೈಯಾರೆ ಮುಂದಕ್ಕೆ ಹಾಕಬೇಕು. ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸಿನಲ್ಲಂತೂ 8.0ರಿಂದ 5.7ಕ್ಕೆ ಇದ್ದಲ್ಲೇ ಇಳಿಯೋಕೆ ಆಗೋದೇ ಇಲ್ಲ. ಗಿಟ್‌ಹಬ್‌ನವರು 1200ಕ್ಕೂ ಹೆಚ್ಚು ಸರ್ವರ್‌ಗಳನ್ನು ಹಾಗೆ ಮೇಲೇರಿಸೋಕೆ ವರ್ಷಕ್ಕಿಂತ ಹೆಚ್ಚು ತಗೊಂಡರು. ಹೊಸದು ಸರಿಯಾಗಿದೆ ಅಂತ ಖಾತ್ರಿಯಾಗೋ ತನಕ ಹಿಂದಕ್ಕೆ ಬರೋ ದಾರಿಗೆ 5.7ರ ಪ್ರತಿಗಳನ್ನು ಜೀವಂತ ಇಟ್ಟಿದ್ದರು.

"ವಾಪಸ್ ಹೋಗಿಯೂ ಕೆಟ್ಟೋರು ಇದ್ದಾರಾ?"

"ಇದ್ದಾರೆ ಅಂಕಲ್." ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕಿನ ಕಥೆ ಹೇಳಿದೆ. 2012ರ ಜೂನ್‌ನಲ್ಲಿ ರಾತ್ರಿಯ ಬ್ಯಾಚ್ ಕೆಲಸಗಳನ್ನು ನಡೆಸೋ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿದರು, ತೊಂದರೆ ಕಂಡಿತು, ತೆಗೆದು ಹಳೇದಕ್ಕೆ ಹೋದರು. ಆ ವಾಪಸಾತಿಯನ್ನು ಯಾರೂ ಮೊದಲೇ ಪರೀಕ್ಷೆ ಮಾಡಿ ನೋಡಿರಲಿಲ್ಲ. ನಿಜವಾದ ಅನಾಹುತ ಆಗಿದ್ದು ಅಲ್ಲೇ. 65 ಲಕ್ಷಕ್ಕೂ ಹೆಚ್ಚು ಗ್ರಾಹಕರು ಒದ್ದಾಡಿದರು. 2014ರಲ್ಲಿ ಬಿದ್ದ ದಂಡ 5.6 ಕೋಟಿ ಪೌಂಡ್.

ಅಂಕಲ್‌ಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತ್ರ ಅಕ್ಷರಾನುಕ್ರಮದ ಪ್ರಸಂಗ. ಲಿನಕ್ಸ್‌ನ ಜಿಲಿಬ್‌ಸಿ ಅನ್ನೋ ಲೈಬ್ರರಿ 2018ರಲ್ಲಿ 2.28 ಆದಾಗ ಜೋಡಿಸೋ ನಿಯಮ ಬದಲಾಯಿತು. ಪೇಪರಿನ ಅಂಚಿನಲ್ಲೇ ಬರೆದು ತೋರಿಸಿದೆ: ಮೊದಲು '11' ಮುಂದೆ, '1-1' ಹಿಂದೆ. ಆಮೇಲೆ '1-1' ಮುಂದೆ, '11' ಹಿಂದೆ. ಡೇಟಾಬೇಸಿನ ಇಂಡೆಕ್ಸ್ ಹಳೇ ಕ್ರಮದಲ್ಲೇ ಜೋಡಿಸಿಟ್ಟಿರುತ್ತೆ, ಹುಡುಕೋದು ಹೊಸ ಕ್ರಮದಲ್ಲಿ. ಇರೋ ದಾಖಲೆ 'ಇಲ್ಲ' ಅಂತ ಬರುತ್ತೆ, ಒಂದೇ ಇರಬೇಕಾದ್ದು ಎರಡು ಸಲ ಸೇರುತ್ತೆ. ಎರರ್ ಮೆಸೇಜ್ ಒಂದೂ ಬರಲ್ಲ. ಆಪರೇಟಿಂಗ್ ಸಿಸ್ಟಂ ಜೊತೆ ಈ ಕ್ರಮವೂ ಬದಲಾದರೆ ಅಂಥ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಲೇಬೇಕು. ಅದೇ ಡಿಸ್ಕನ್ನು ಹಳೇ ಸಿಸ್ಟಂಗೆ ವಾಪಸ್ ಒಯ್ದರೆ ಅಲ್ಲೂ ಮತ್ತೊಮ್ಮೆ ಕಟ್ಟಬೇಕು.

"ಸರ್ವೆ ನಂಬರಿಗೆ ಹೀಗಾದ್ರೆ ಗತಿಯೇನಮ್ಮ!" ಅಂದವರು ಸ್ವಲ್ಪ ತಡೆದು, "ನಿಂದು ಎಷ್ಟು ದಿನ ಹಳೇದಕ್ಕೆ ಹರೀತಿರುತ್ತೆ?" ಅಂತ ಕೇಳಿದರು.

"ಬುಧವಾರದ ತನಕ. ಅದರ ಮೇಲೆ ಸರ್ವರ್ ಖರ್ಚು ಕೊಡಲ್ಲ ಅಂದಿದ್ದಾರೆ."

"ತಿಂಗಳ ಕೊನೆ ಲೆಕ್ಕ ಒಂದ್ಸಲನೂ ಓಡದೆ ಹಳೇದನ್ನ ಬಿಡ್ತೀರಾ? ತಿಂಗಳಿಗೊಮ್ಮೆ ಬರೋ ತಪ್ಪು ಮೂರು ದಿನದಲ್ಲಿ ಕಾಣಿಸ್ಕೊಳ್ಳುತ್ತಾ?"

ಈ ಮಾತನ್ನು ನಾನೂ ಮೇಲಿನವರ ಮುಂದೆ ಇಟ್ಟಿದ್ದೆ, ಇಷ್ಟು ನೇರವಾಗಿ ಇಟ್ಟಿರಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಒಂದನೇ ತಾರೀಖಿನ ತನಕ ಹಳೇ ಸರ್ವರ್ ಇರಲೇಬೇಕು ಅಂತ ಕೇಳುತ್ತೇನೆ. ಖರ್ಚಿನ ಲೆಕ್ಕವನ್ನು ಇವತ್ತೇ ಮಾಡಿಡುತ್ತಿದ್ದೇನೆ.