ಹತ್ತ ಸಾಕು

ಮದುವೆ ಹಾನಗಲ್ಲಿನಲ್ಲಿ, ಬಳಗ ನಾಲ್ಕು ತಾಲೂಕಿನಲ್ಲಿ, ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ನಾನು. ಸವಣೂರು ಎಲೆ ಇಲ್ಲದ ಮದುವೆಯನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಮಾವಾ, ಎಲಿ ಎಷ್ಟ ಕಟ್ಟ ತರ್ತೀರಿ?" ಎಂದು ಕೇಳಿದೆ. ಸವಣೂರು ಮಾವ ಚಾಳೀಸು ಹುಡುಕಿ ಉತ್ತರ ಒತ್ತುವಷ್ಟರಲ್ಲಿ ಹಿರೇಕೆರೂರಿನ ಕಾಕಾ ನಡುವೆ ನುಗ್ಗಿದರು: "ನಮ್ಮ ಕಡಿಂದ ಎಷ್ಟ ಮಂದಿ ಬರೂಣು?"

ಅದರ ಕೆಳಗೇ ಮಾವನ ಉತ್ತರ ಬಂದು ಕೂತಿತು: "ಹತ್ತ ಸಾಕು."

"ಬರೇ ಹತ್ತೇನ್ರಿ?" ಎಂದರು ಕಾಕಾ.

"ಹೆಚ್ಚಾದ್ರ ಕೊಳೀತಾವು."

ಶಿಗ್ಗಾವಿ ಅತ್ತೆಗೆ ಗಾಬರಿ. "ಬೀಗರಿಗೆ ಹಿಂಗ ಅಂತಾರೇನ್ರಿ ಅಣ್ಣಾರ?"

ಮಾವ ಎಲೆತೋಟದ ಠೀವಿಯಲ್ಲಿ ಬರೆದರು: "ಖರೇನ ಹೇಳಾಕತ್ತೇನವಾ. ಹಿಂದಿನ ದಿನಾನ ಬಂದ್ರ ಒದ್ದಿ ಅರಿವ್ಯಾಗ ಸುತ್ತಿ ನೆಳ್ಳಾಗ ಇಡ್ರಿ. ತಾಸಿಗೊಮ್ಮೆ ನೀರ ಚಿಮುಕಸ್ರಿ."

ಕಾಕಾ ಏನೋ ಟೈಪ್ ಮಾಡುತ್ತಿದ್ದರು, ನಿಲ್ಲಿಸುತ್ತಿದ್ದರು, ಮತ್ತೆ ಮಾಡುತ್ತಿದ್ದರು. ಅಷ್ಟರಲ್ಲಿ ಮಾವನ ಕೊನೆಯ ಸೂಚನೆ: "ಊಟ ಆದಮ್ಯಾಲ ತೊಟ್ಟ ಮುರದು ಸುಣ್ಣಾ ಹಚ್ರಿ."

ಕಾಕಾ ಗ್ರೂಪ್ ಬಿಟ್ಟರು. ನಡುವೆ ಬಾಯಿ ಹಾಕಿ ತಡೆಯಬಹುದಿತ್ತು. ಅಂಥ ಸುಖಕ್ಕೆ ಅಡ್ಡ ಹೋಗುವ ಪಾಪಿ ನಾನಲ್ಲ.

ಆಮೇಲೆ ಪಾಠಕ್ಕಿಳಿದೆ. ಕಾಕಾನನ್ನು ಕೈಕಾಲು ಬಿದ್ದು ಒಳಗೆ ತಂದು, ಬಳಗವನ್ನೆಲ್ಲ ಕೂರಿಸಿಕೊಂಡವನಂತೆ ಉದ್ದಕ್ಕೆ ಬರೆದೆ. ಇಂಟರ್ನೆಟ್ಟಿನ ಶಿಷ್ಟಾಚಾರ ಹೇಳುವ ಆರ್‌ಎಫ್‌ಸಿ 1855 ಎಂಬ ದಾಖಲೆ 1995ರಲ್ಲೇ ಬಂದಿದೆ. ಉತ್ತರ ಬರೆಯುವಾಗ ಮೂಲ ಮಾತಿನ ಸಾರವನ್ನೋ, ಸಂದರ್ಭ ತಿಳಿಯುವಷ್ಟು ತುಣುಕನ್ನೋ ಜೊತೆಗಿಡಿ, ಇಡೀ ಪತ್ರ ಬೇಡ ಎನ್ನುತ್ತದೆ. ಈಮೇಲ್ ಕಾಲದ ಮಾತು, ಎಲೆ ಕಟ್ಟಿಗೂ ಸಲ್ಲುತ್ತದೆ. ವಾಟ್ಸಾಪಿನಲ್ಲಿ ಮೆಸೇಜನ್ನು ಬೆರಳಿನಿಂದ ಬಲಕ್ಕೆ ಜಗ್ಗಿದರೆ ಮುಗಿಯಿತು, ಮೂಲ ಮಾತು ಉತ್ತರದ ಜೊತೆಗೇ ಬರುತ್ತದೆ.

ಮಾತು ಯಾರದು ಎಂದು ತೋರಿಸುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕಾಗಿನೆಲೆಯ ಆದಿಕೇಶವನ ಅಂಕಿತ ಹಾಕದೆ ಕೀರ್ತನೆ ಮುಗಿಸಲಿಲ್ಲ. ಆದರೆ ಹಿರೇಕೆರೂರು ಸೀಮೆಯವನೆಂದೇ ನಾವು ಹೇಳಿಕೊಳ್ಳುವ ಸರ್ವಜ್ಞನ ಗತಿ ನೋಡಿ: ಗುಲಾಬಿ ಹೂವಿನ ಶುಭೋದಯದ ಮೇಲೆ ಯಾರೋ ಗೀಚಿದ್ದೂ ಅವನ ಖಾತೆಗೇ ಜಮಾ!

ಕಾಕಾ ಮಾತ್ರ ನನ್ನ ಪಾಠವನ್ನು ಅತಿಯಾಗಿ ಕಲಿತರು. ಮದುವೆ ಮುಗಿದು ಚಪ್ಪರ ಬಿಚ್ಚುವ ಮೊದಲೇ ಅಪ್ಪನ ಹಳೆಯ ಮಾತೊಂದನ್ನು ಎತ್ತಿ ತಂದರು: "ಹೊಲಾ ನಿನಗ ಬಿಡತೇನಿ." ಅಪ್ಪ ಬರೆದದ್ದು, "ಸಾಲಾ ತೀರಿಸಿದ್ರ ಹೊಲಾ ನಿನಗ ಬಿಡತೇನಿ." ಒಂದು 'ಸಾಲಾ ತೀರಿಸಿದ್ರ' ಕತ್ತರಿಸಿದ್ದಕ್ಕೆ ಅಣ್ಣತಮ್ಮಂದಿರ ಮಾತೇ ಕತ್ತರಿಸಿಹೋಯಿತು. ಸುಳ್ಳು ಹೇಳಲು ಸುಳ್ಳು ಬರೆಯಬೇಕಿಲ್ಲ, ಖರೆಯ ಅರ್ಧ ಇಟ್ಟರೂ ಆಗುತ್ತದೆ.

ಬಳಗದವರಲ್ಲಿ ಅಡ್ಮಿನ್ನನ ವಿನಂತಿ ಇಷ್ಟೇ. ಯಾವ ಮಾತಿಗೆ ಉತ್ತರವೋ ಅದನ್ನು ಜಗ್ಗಿಯೇ ಬರೆಯಿರಿ. ಆಡಿದವರು ಓದಿ "ಹೌದು, ನಂದ ಮಾತು" ಅನ್ನುವಷ್ಟು ಉಳಿಸಿ. ಹಳೆಯ ಜಗಳ ತೆಗೆಯುವುದಿದ್ದರೆ ಮೊಬೈಲು ಕೆಳಗಿಟ್ಟು ಬಸ್ಸು ಹತ್ತಿ. ಹಿರೇಕೆರೂರಿನಿಂದ ಹಾನಗಲ್ಲು ದೂರವೇನಲ್ಲ.